ಬೇರೆ ಪೀಠ, ಬೇರೆ ಬಾಗಿಲು: ಅಮೆರಿಕದ ಶಾಲೆಗಳಲ್ಲಿ ವರ್ಣಭೇದದ ಕಾನೂನು ಚರಿತ್ರೆ

ಮಕ್ಕಾದ ಆರಂಭಿಕ ವರ್ಷಗಳಲ್ಲಿ ಕುರೈಶರ ಮುಖಂಡರು ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದು ಒಂದು ಬೇಡಿಕೆಯನ್ನು ಮುಂದಿಟ್ಟರು. ಪ್ರವಾದಿವರ್ಯರ(ಸ) ಸಭೆಯಲ್ಲಿ ಆಗ ಕುಳಿತಿದ್ದವರಲ್ಲಿ ಕುರಿ ಕಾಯುತ್ತಿದ್ದ ಅಬ್ದುಲ್ಲಾಹ್ ಬಿನ್ ಮಸ್ಊದ್(ರ) ಇದ್ದರು, ಅಬಿಸೀನಿಯಾ ಮೂಲದ ಬಿಲಾಲ್(ರ) ಇದ್ದರು. ಇವರನ್ನು ಇಲ್ಲಿಂದ ಎಬ್ಬಿಸಿ ಕಳುಹಿಸಿರಿ, ಇಲ್ಲವಾದರೆ ಇವರು ನಮ್ಮ ಎದುರು ಧೈರ್ಯಶಾಲಿಗಳಾಗಿಬಿಡುತ್ತಾರೆ ಎಂಬುದು ಆ ಮುಖಂಡರ ಮಾತಿನ ಸಾರ. ಸಅದ್ ಬಿನ್ ಅಬೀ ವಕ್ಕಾಸ್(ರ)ರು ವರದಿ ಮಾಡಿರುವ ಈ ಘಟನೆ ಸಹೀಹ್ ಮುಸ್ಲಿಮ್‌ನಲ್ಲಿದೆ. ಸೂರಃ ಅಲ್ ಅನ್‌ಆಮ್‌ನ 52ನೆಯ ವಚನವು ಇದೇ ಸಂದರ್ಭದಲ್ಲಿ ಅವತೀರ್ಣವಾಯಿತೆಂದು ಅವರು ಹೇಳುತ್ತಾರೆ. ತಮ್ಮ ಪ್ರಭುವನ್ನು ಮುಂಜಾನೆಯೂ ಸಂಜೆಯೂ ಕರೆದು ಪ್ರಾರ್ಥಿಸುವವರನ್ನು ದೂರ ಅಟ್ಟಬಾರದೆಂದು ಅಲ್ಲಾಹನು ತನ್ನ ಪ್ರವಾದಿಗೆ ಅದರಲ್ಲಿ ಆಜ್ಞಾಪಿಸಿದನು.

ಕುರೈಶರ ಆ ಬೇಡಿಕೆಯನ್ನು ನಾವು ಸ್ವಲ್ಪ ನಿಧಾನವಾಗಿ ನೋಡಬೇಕು. ಬಿಲಾಲ್(ರ)ರಿಗೆ ಜ್ಞಾನವೇ ದೊರೆಯಬಾರದೆಂದು ಅವರು ಅಂದು ವಾದಿಸಲಿಲ್ಲ. ತಾವು ಕುಳಿತಿರುವಲ್ಲಿ ಅವರು ಕುಳಿತಿರಬಾರದು, ಅಷ್ಟೇ. ಮೇಲ್ನೋಟಕ್ಕೆ ಇದು ಆಸನದ ಪ್ರಶ್ನೆ. ಆದರೆ ಆಸನವನ್ನು ಬೇರ್ಪಡಿಸಿದ ಕ್ಷಣದಲ್ಲಿಯೇ ಮನುಷ್ಯನ ಬೆಲೆಯೂ ಬೇರೆಯಾಗುತ್ತದೆಂಬುದು ಆ ಮುಖಂಡರಿಗೂ ತಿಳಿದಿತ್ತು. ಹನ್ನೆರಡು ಶತಮಾನಗಳ ಬಳಿಕ ಇದೇ ಪ್ರಶ್ನೆ ಅಮೆರಿಕದ ನ್ಯಾಯಾಲಯಗಳ ಮೆಟ್ಟಿಲೇರಿತು. ಬೇರೆ ಕೂರಿಸುವುದು ಅವಮಾನವೇ, ಅಲ್ಲವೇ ಎಂದು ಅಲ್ಲಿಯ ನ್ಯಾಯಾಧೀಶರು ನೂರು ವರ್ಷಗಳಿಗೂ ಮಿಕ್ಕಿ ಚರ್ಚಿಸಿದರು.

ಶಾಲೆಯ ಬಾಗಿಲು ಬೇರೆಯಾಗುವುದಕ್ಕಿಂತ ಮೊದಲು ಅಲ್ಲಿ ಅಕ್ಷರವೇ ನಿಷಿದ್ಧವಾಗಿತ್ತು. ಗುಲಾಮರಿಗೆ ಬರೆಯಲು ಕಲಿಸುವವರಿಗೆ ನೂರು ಪೌಂಡ್ ದಂಡವೆಂದು ದಕ್ಷಿಣ ಕೆರೊಲಿನಾ ವಸಾಹತು 1740ರಲ್ಲಿಯೇ ಕಾನೂನು ಮಾಡಿತ್ತು. ಉತ್ತರ ಕೆರೊಲಿನಾ ರಾಜ್ಯವು 1830ರ ಅಧಿವೇಶನದಲ್ಲಿ ಗುಲಾಮರಿಗೆ ಓದು ಬರಹ ಕಲಿಸುವುದನ್ನು ಅಪರಾಧವೆಂದು ಸಾರಿತು. ಅದರ ಮರುವರ್ಷ, ಅಂದರೆ 1831ರಲ್ಲಿ, ಅದೇ ರಾಜ್ಯದಲ್ಲಿ ಒಬ್ಬ ಗುಲಾಮ ವೃದ್ಧರು ಕುಳಿತು ಅರಬಿ ಲಿಪಿಯಲ್ಲಿ ತಮ್ಮ ಆತ್ಮಕಥೆಯನ್ನು ಬರೆದರು. ಅವರ ಹೆಸರು ಉಮರ್ ಬಿನ್ ಸಈದ್. ಪಶ್ಚಿಮ ಆಫ್ರಿಕಾದ ಫೂತಾ ತೋರೋ ಪ್ರದೇಶದವರು. ವರ್ಷಾನುಗಟ್ಟಲೆ ಧಾರ್ಮಿಕ ವಿದ್ಯೆ ಕಲಿತು ವಿದ್ವಾಂಸರೆನಿಸಿದ್ದ ಅವರನ್ನು ಸೆರೆಹಿಡಿದು 1807ರಲ್ಲಿ ಚಾರ್ಲ್ಸ್‌ಟನ್ ಬಂದರಿಗೆ ತಂದು ಮಾರಲಾಗಿತ್ತು. ಸೂರಃ ಅಲ್ ಮುಲ್ಕ್‌ನ ವಚನಗಳಿಂದ ಆರಂಭವಾಗುವ ಆ ಹಸ್ತಪ್ರತಿ ಇಂದು ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿದೆ. ಅಕ್ಷರ ಕಲಿಸುವುದೇ ಅಪರಾಧವೆನಿಸಿದ್ದ ನೆಲದಲ್ಲಿ, ಅಲ್ಲಿಗೆ ಬರುವ ಮೊದಲೇ ಅಕ್ಷರಸ್ಥರಾಗಿದ್ದ ಮುಸ್ಲಿಮರು ಗುಲಾಮಗಿರಿಯಲ್ಲಿದ್ದರೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಪ್ರತ್ಯೇಕ ಶಾಲೆಯ ಬಗೆಗಿನ ಮೊದಲ ದೊಡ್ಡ ಮೊಕದ್ದಮೆ ನಡೆದದ್ದು ಗುಲಾಮಗಿರಿಯ ದಕ್ಷಿಣದಲ್ಲಲ್ಲ, ಉತ್ತರದ ಬೋಸ್ಟನ್ ನಗರದಲ್ಲಿ. ಐದು ವರ್ಷದ ಸಾರಾ ರಾಬರ್ಟ್ಸ್ ಎಂಬ ಕರಿಯ ಬಾಲಕಿ ಪ್ರತಿದಿನ ಬಿಳಿಯರ ಐದು ಶಾಲೆಗಳನ್ನು ದಾಟಿಕೊಂಡು ದೂರದ ತನ್ನ ಶಾಲೆಗೆ ಹೋಗಬೇಕಾಗಿತ್ತು. ಆಕೆಯ ತಂದೆ ಬೆಂಜಮಿನ್ ರಾಬರ್ಟ್ಸ್ ಮುದ್ರಣ ವೃತ್ತಿಯವರು. ಅವರು ನಗರಾಡಳಿತದ ವಿರುದ್ಧ ದಾವೆ ಹೂಡಿದರು. ಆ ದೇಶದ ಮೊದಲ ಕರಿಯ ವಕೀಲರಲ್ಲಿ ಒಬ್ಬರಾದ ರಾಬರ್ಟ್ ಮಾರಿಸ್ ಮತ್ತು ಮುಂದೆ ಸೆನೆಟ್ ಸದಸ್ಯರಾಗಿ ಹೆಸರಾದ ಚಾರ್ಲ್ಸ್ ಸಮ್ನರ್ ಆಕೆಯ ಪರವಾಗಿ ವಾದಿಸಿದರು. ಶಾಲೆ ಬೇರೆಯಾಗಿರುವುದರಿಂದ ಕರಿಯ ಮಗುವಿಗಷ್ಟೇ ಅಲ್ಲ, ಬಿಳಿಯ ಮಗುವಿಗೂ ಕೇಡು, ಅದು ಚಿಕ್ಕಂದಿನಲ್ಲಿಯೇ ಅಹಂಕಾರವನ್ನು ಕಲಿಯುತ್ತದೆ ಎಂಬುದು ಸಮ್ನರ್ ವಾದ. ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಶಾ ಅದನ್ನು ಒಪ್ಪಲಿಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದರೆ ಎಲ್ಲರನ್ನೂ ಒಂದೇ ಕಡೆ ಕೂರಿಸಬೇಕೆಂದಲ್ಲ, ಶಾಲಾ ಸಮಿತಿಯ ನಿರ್ಧಾರ ಸಮಂಜಸವೆನಿಸಿದರೆ ಸಾಕು ಎಂದು ಅವರ ತೀರ್ಪು ಹೇಳಿತು. ಜನರ ಒತ್ತಾಯಕ್ಕೆ ಮಣಿದು ಮೆಸಾಚುಸೆಟ್ಸ್ ಶಾಸನಸಭೆ 1855ರಲ್ಲಿ ಪ್ರತ್ಯೇಕ ಶಾಲೆಗಳನ್ನು ಕಾನೂನಿನ ಮೂಲಕವೇ ನಿಷೇಧಿಸಿತು. ಆದರೆ ಶಾ ಅವರ ತೀರ್ಪು ಗ್ರಂಥಗಳಲ್ಲಿ ಹಾಗೆಯೇ ಉಳಿಯಿತು. ಸೋತವರ ಊರಿನಲ್ಲಿ ಅನ್ಯಾಯ ಕೊನೆಗೊಂಡರೂ ಗೆದ್ದವರ ತೀರ್ಪು ಬೇರೆ ಊರುಗಳಿಗೆ ಪಯಣಿಸಿತು.

ಅಂತರ್ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ 1868ರಲ್ಲಿ ಸಂವಿಧಾನಕ್ಕೆ 14ನೆಯ ತಿದ್ದುಪಡಿ ಸೇರಿತು. ಯಾವ ರಾಜ್ಯವೂ ಯಾರಿಗೂ ಕಾನೂನಿನ ಸಮಾನ ರಕ್ಷಣೆಯನ್ನು ನಿರಾಕರಿಸುವಂತಿಲ್ಲ ಎಂಬುದು ಅದರ ತಿರುಳು. ಮಾತು ಸ್ಪಷ್ಟವಾಗಿಯೇ ಇತ್ತು. ಅದಕ್ಕೆ ಅರ್ಥ ಹೇಳಬೇಕಾದವರ ಮನಸ್ಸು ಮಾತ್ರ ಸ್ಪಷ್ಟವಿರಲಿಲ್ಲ. ಲೂಸಿಯಾನ ರಾಜ್ಯ 1890ರಲ್ಲಿ ರೈಲಿನಲ್ಲಿ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ಡಬ್ಬಿಗಳನ್ನು ಕಡ್ಡಾಯಗೊಳಿಸಿತು. ಹೋಮರ್ ಪ್ಲೆಸ್ಸಿ ಎಂಬವರು 1892ರಲ್ಲಿ ಉದ್ದೇಶಪೂರ್ವಕವಾಗಿಯೇ ಬಿಳಿಯರ ಡಬ್ಬಿಯಲ್ಲಿ ಕುಳಿತು ಬಂಧನಕ್ಕೊಳಗಾದರು. ಪ್ರಕರಣ ಸುಪ್ರೀಮ್ ಕೋರ್ಟ್ ತಲುಪಿ 1896ರಲ್ಲಿ ಏಳು ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ನಿಂತು ತೀರ್ಪಾಯಿತು. ಬೇರೆಯಾಗಿದ್ದರೂ ಸಮಾನವಾಗಿದ್ದರೆ ಸಂವಿಧಾನಕ್ಕೆ ಭಂಗವಿಲ್ಲ; ಅದರಲ್ಲಿ ಅವಮಾನ ಕಾಣುವುದು ಕರಿಯರ ಸ್ವಂತ ಕಲ್ಪನೆ ಎಂದು ಬಹುಮತದ ತೀರ್ಪು ಸಾರಿತು. ಇದಕ್ಕೆ ಆಧಾರವಾಗಿ ನ್ಯಾಯಮೂರ್ತಿ ಹೆನ್ರಿ ಬ್ರೌನ್ ಎತ್ತಿಕೊಂಡದ್ದು ಅದೇ ಬೋಸ್ಟನ್ ಶಾಲೆಯ ಹಳೆಯ ತೀರ್ಪನ್ನು. ಐದು ವರ್ಷದ ಒಂದು ಮಗುವಿನ ಸೋಲು ಅರ್ಧ ಶತಮಾನದ ನಂತರ ಇಡೀ ಜನಾಂಗದ ಸೋಲಾಯಿತು.

ಭಿನ್ನಮತ ಬರೆದ ಏಕೈಕ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್. ಕೆಂಟಕಿಯ ಗುಲಾಮರ ಒಡೆಯರ ಮನೆತನದಲ್ಲಿ ಹುಟ್ಟಿದವರು ಅವರು. ಸಂವಿಧಾನಕ್ಕೆ ಬಣ್ಣ ಕಾಣುವುದಿಲ್ಲ ಎಂಬ ಅವರ ನಿಲುವನ್ನು ಇಂದಿಗೂ ಜನ ಗೌರವದಿಂದ ನೆನೆಯುತ್ತಾರೆ. ಆದರೆ ಮೂರೇ ವರ್ಷಗಳ ಬಳಿಕ ನಡೆದುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಜಾರ್ಜಿಯಾದ ರಿಚ್ಮಂಡ್ ಕೌಂಟಿಯ ಶಾಲಾ ಮಂಡಳಿಯು ಹಣವಿಲ್ಲವೆಂಬ ಕಾರಣ ಹೇಳಿ ಕರಿಯರ ಏಕೈಕ ಸಾರ್ವಜನಿಕ ಹೈಸ್ಕೂಲನ್ನು ಮುಚ್ಚಿತು, ಬಿಳಿಯರಿಗೆ ಪ್ರೌಢ ಶಿಕ್ಷಣವನ್ನು ಮುಂದುವರಿಸಿತು. ನಾವು ತೆತ್ತ ತೆರಿಗೆಯ ಹಣದಲ್ಲಿ ನಮಗಿಲ್ಲದ ಶಾಲೆ ಅವರಿಗೇಕೆ ಎಂದು ಕರಿಯ ಪೋಷಕರು ಕೇಳಿದರು. ಇಲ್ಲಿ ‘ಬೇರೆ’ ಇತ್ತೇ ಹೊರತು ‘ಸಮಾನ’ದ ನೆರಳೂ ಇರಲಿಲ್ಲ. 1899ರಲ್ಲಿ ಸುಪ್ರೀಮ್ ಕೋರ್ಟ್ ಸರ್ವಾನುಮತದಿಂದ ಅವರ ಅರ್ಜಿಯನ್ನು ತಳ್ಳಿಹಾಕಿತು. ಆ ತೀರ್ಪನ್ನು ಬರೆದವರು ಅದೇ ಹಾರ್ಲನ್! ಶಾಲೆ ರಾಜ್ಯದ ವಿಷಯ, ನಾವು ಕೈಹಾಕಲಾರೆವು ಎಂದರು. ರೈಲಿನ ಡಬ್ಬಿಯ ವಿಷಯದಲ್ಲಿ ಇಡೀ ನ್ಯಾಯಪೀಠವನ್ನು ಎದುರಿಸಿ ನಿಂತ ಮನುಷ್ಯನ ಕಣ್ಣಿಗೆ ತರಗತಿಯ ಬೆಂಚಿನ ಅನ್ಯಾಯ ಕಾಣಲಿಲ್ಲ. ಖಾಸಗಿ ಕಾಲೇಜಿನಲ್ಲಿಯೂ ಇಬ್ಬರಿಗೆ ಒಟ್ಟಿಗೆ ಕಲಿಸಬಾರದೆಂಬ ಕೆಂಟಕಿಯ ಕಾನೂನನ್ನು 1908ರಲ್ಲಿ ಕೋರ್ಟ್ ಎತ್ತಿಹಿಡಿದಾಗ ಅವರು ಮತ್ತೆ ಭಿನ್ನಮತ ಬರೆದರು ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಒಳ್ಳೆಯವರ ನ್ಯಾಯಪ್ರಜ್ಞೆಯೂ ಕೆಲವೊಮ್ಮೆ ಹೀಗೆ ತೇಪೆ ತೇಪೆಯಾಗಿರುತ್ತದೆ.

ಈ ಗೋಡೆ ಕರಿಯರಿಗೆ ಮಾತ್ರ ಎದ್ದದ್ದಲ್ಲ. ಮಿಸಿಸಿಪ್ಪಿಯ ರೋಸ್‌ಡೇಲ್ ಊರಿನಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದ ಚೀನೀ ಮೂಲದ ಗಾಂಗ್ ಲಮ್ ಅವರ ಮಗಳು ಮಾರ್ತಾಳನ್ನು 1924ರಲ್ಲಿ ಬಿಳಿಯರ ಶಾಲೆಯಿಂದ ಮನೆಗೆ ಕಳುಹಿಸಲಾಯಿತು. ಆಕೆಗೆ ಆಗ ಒಂಬತ್ತು ವರ್ಷ. ಬಿಳಿಯಳಲ್ಲದ ಮೇಲೆ ಆಕೆ ಕರಿಯರ ಶಾಲೆಗೇ ಹೋಗಬೇಕೆಂದು 1927ರಲ್ಲಿ ಸುಪ್ರೀಮ್ ಕೋರ್ಟ್ ಒಮ್ಮತದಿಂದ ಹೇಳಿತು. ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕನ್ ಮೂಲದ ಮಕ್ಕಳಿಗೂ ಬೇರೆ ಶಾಲೆಗಳಿದ್ದವು. ಮೆಂಡೆಜ್ ಕುಟುಂಬ ಮತ್ತಿತರರು ಹೂಡಿದ ಮೊಕದ್ದಮೆಯಲ್ಲಿ 1947ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅವುಗಳನ್ನು ಕಾನೂನುಬಾಹಿರವೆಂದಿತು. ಅದೇ ವರ್ಷ ಆ ರಾಜ್ಯದ ಪ್ರತ್ಯೇಕ ಶಾಲೆಯ ಕಾನೂನುಗಳನ್ನು ರದ್ದುಗೊಳಿಸುವ ಮಸೂದೆಗೆ ಸಹಿ ಹಾಕಿದ ರಾಜ್ಯಪಾಲರು ಅರ್ಲ್ ವಾರನ್. ಇವರ ಹೆಸರು ಮುಂದೆ ಮತ್ತೆ ಬರುತ್ತದೆ.

ಗೋಡೆಗೆ ಮೊದಲು ಉಳಿ ಹಿಡಿದವರು ಹೊವಾರ್ಡ್ ವಿಶ್ವವಿದ್ಯಾಲಯದ ಕಾನೂನು ವಿಭಾಗದ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್. ಅವರು ಅಬ್ಬರದ ಭಾಷಣ ಮಾಡಲಿಲ್ಲ. ದಕ್ಷಿಣ ಕೆರೊಲಿನಾದ ಹಳ್ಳಿಗಳಿಗೆ ಹೋಗಿ ಕರಿಯರ ಶಾಲೆಗಳನ್ನೂ ಬಿಳಿಯರ ಶಾಲೆಗಳನ್ನೂ ಚಲನಚಿತ್ರ ಕ್ಯಾಮರಾದಲ್ಲಿ ಸೆರೆಹಿಡಿದರು. ‘ಸಮಾನ’ ಎಂದು ನೀವೇ ಹೇಳಿದ್ದೀರಿ, ಹಾಗಾದರೆ ಸಮಾನತೆಯನ್ನು ತೋರಿಸಿರಿ ಎಂದು ರಾಜ್ಯಗಳನ್ನು ಕೇಳುತ್ತಾ ಹೋಗುವುದು ಅವರ ತಂತ್ರ. ಮೊದಲು ಕಾನೂನು ಕಾಲೇಜುಗಳನ್ನೇ ಆರಿಸಿಕೊಂಡರು. ಕಾನೂನು ಓದಿದ ನ್ಯಾಯಾಧೀಶರಿಗೆ ಅಲ್ಲಿಯ ವ್ಯತ್ಯಾಸ ಬೇಗ ಅರ್ಥವಾಗುತ್ತದಲ್ಲವೇ? ಕರಿಯ ವಿದ್ಯಾರ್ಥಿಗೆ ಪಕ್ಕದ ರಾಜ್ಯದಲ್ಲಿ ಓದಲು ಶುಲ್ಕ ಕೊಡುತ್ತೇವೆ ಎಂಬ ಮಿಸೌರಿಯ ವಾದ 1938ರಲ್ಲಿ ಬಿದ್ದುಹೋಯಿತು. ಗೆದ್ದ ವಿದ್ಯಾರ್ಥಿ ಲಾಯ್ಡ್ ಗೇನ್ಸ್ ಮರುವರ್ಷ ಶಿಕಾಗೋದಲ್ಲಿ ಕಾಣೆಯಾದರು. ಮತ್ತೆ ಯಾರಿಗೂ ಕಾಣಸಿಗಲಿಲ್ಲ.

ಒಕ್ಲಹೋಮಾದ ಜಾರ್ಜ್ ಮೆಕ್‌ಲಾರಿನ್ ಪ್ರಕರಣ ನಮ್ಮನ್ನು ಹೆಚ್ಚು ತಡೆದು ನಿಲ್ಲಿಸುತ್ತದೆ. ಅರುವತ್ತು ದಾಟಿದ್ದ ಅವರು ಸ್ವತಃ ಶಿಕ್ಷಕರಾಗಿದ್ದವರು, ಡಾಕ್ಟರೇಟ್ ಮಾಡಲೆಂದು ಬಂದಿದ್ದರು. ಕೋರ್ಟಿನ ಆದೇಶಕ್ಕೆ ಅಂಜಿ ವಿಶ್ವವಿದ್ಯಾಲಯ ಅವರನ್ನು ಸೇರಿಸಿಕೊಂಡಿತು, ಆದರೆ ತರಗತಿಯೊಳಗಲ್ಲ. ತರಗತಿಗೆ ತಾಗಿದ್ದ ಸಣ್ಣ ಕೋಣೆಯಲ್ಲಿ ಕುಳಿತು ಬಾಗಿಲಿನ ಮೂಲಕ ಪಾಠ ಕೇಳಬೇಕು. ಗ್ರಂಥಾಲಯದ ಅಟ್ಟದಲ್ಲಿ ಅವರಿಗೊಂದು ಮೇಜು. ಊಟಕ್ಕೆ ಬೇರೆ ಹೊತ್ತು, ಬೇರೆ ಮೇಜು. ಅಧ್ಯಾಪಕರು ಅವರೇ, ಪುಸ್ತಕಗಳು ಅವೇ, ಪದವಿಯೂ ಅದೇ. ಎಲ್ಲವೂ ಸಮಾನವೆಂದು ವಿಶ್ವವಿದ್ಯಾಲಯ ಹೇಳಿಕೊಂಡಿತು. ಕುರೈಶರ ಮುಖಂಡರು ಕೇಳಿದ್ದು ಇಂಥದ್ದನ್ನೇ ಅಲ್ಲವೇ? 1950ರ ಜೂನ್ 5ರಂದು ಸುಪ್ರೀಮ್ ಕೋರ್ಟ್ ಈ ಏರ್ಪಾಟನ್ನು ರದ್ದುಗೊಳಿಸಿತು. ಸಹಪಾಠಿಗಳೊಡನೆ ಮಾತನಾಡುವುದು, ಚರ್ಚಿಸುವುದು ಕೂಡ ಕಲಿಕೆಯೇ ಎಂದು ಅದು ಒಪ್ಪಿಕೊಂಡಿತು. ಟೆಕ್ಸಾಸ್ ಕಾನೂನು ಕಾಲೇಜಿನ ಹೀಮನ್ ಸ್ವೆಟ್ ಪ್ರಕರಣವೂ ಅದೇ ದಿನ ಗೆದ್ದಿತು. ಇದನ್ನು ಕಾಣಲು ಹೂಸ್ಟನ್ ಇರಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಿದ್ದರು. ಅವರ ಶಿಷ್ಯ ತರ್ಗುಡ್ ಮಾರ್ಷಲ್ ಕೆಲಸವನ್ನು ಮುಂದುವರಿಸಿದರು.

ದಕ್ಷಿಣ ಕೆರೊಲಿನಾದ ಕ್ಲಾರೆಂಡನ್ ಕೌಂಟಿಯ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಅದು ಆರಂಭವಾದದ್ದು ಸಂವಿಧಾನದಿಂದಲ್ಲ, ಒಂದು ಬಸ್ಸಿನಿಂದ. ಬಿಳಿಯ ಮಕ್ಕಳಿಗೆ 30 ಶಾಲಾ ಬಸ್ಸುಗಳಿದ್ದವು, ಕರಿಯ ಮಕ್ಕಳಿಗೆ ಒಂದೂ ಇರಲಿಲ್ಲ. ಮಕ್ಕಳು ಮೈಲುಗಟ್ಟಲೆ ನಡೆಯಬೇಕಾಗಿತ್ತು. ಪಾದ್ರಿ ಹಾಗೂ ಶಿಕ್ಷಕರಾಗಿದ್ದ ಜೋಸೆಫ್ ಡಿಲೇನ್ ಒಂದು ಬಸ್ಸಿಗಾಗಿ ಮನವಿ ಮಾಡಿದರು. ನೀವು ಕಟ್ಟುವ ತೆರಿಗೆ ಕಡಿಮೆ ಎಂಬ ಉತ್ತರ ಬಂತು. ಪೋಷಕರು ಹಣ ಕೂಡಿಸಿ ಹಳೆಯ ಬಸ್ಸೊಂದನ್ನು ಕೊಂಡರು, ಅದು ದಾರಿಯಲ್ಲಿ ಕೆಟ್ಟು ನಿಲ್ಲತೊಡಗಿತು. ಲೆವಿ ಪಿಯರ್ಸನ್ ಎಂಬ ರೈತರು 1948ರಲ್ಲಿ ಹೂಡಿದ ದಾವೆಯನ್ನು ಅವರ ಜಮೀನು ಬೇರೆ ಶಾಲಾ ಗಡಿಗೆ ಸೇರುತ್ತದೆಂಬ ತಾಂತ್ರಿಕ ಕಾರಣ ಹೇಳಿ ಕೈಬಿಡಲಾಯಿತು. ಆಗ ನೂರಕ್ಕೂ ಹೆಚ್ಚು ಮಂದಿ ಸಹಿ ಹಾಕಿದ ಹೊಸ ಮನವಿ ಸಿದ್ಧವಾಯಿತು. ಸಹಿ ಹಾಕಿದವರಲ್ಲಿ ನೌಕಾಪಡೆಯಲ್ಲಿ ದುಡಿದು ಬಂದಿದ್ದ ಹ್ಯಾರಿ ಬ್ರಿಗ್ಸ್ ಪೆಟ್ರೋಲ್ ಪಂಪಿನ ಕೆಲಸ ಕಳೆದುಕೊಂಡರು, ಅವರ ಪತ್ನಿ ಎಲೈಜಾ ಮೋಟೆಲಿನ ಕೆಲಸ ಕಳೆದುಕೊಂಡರು. ಹಲವರಿಗೆ ಸಾಲ ನಿಂತಿತು, ಗೇಣಿಯ ಭೂಮಿ ಹೋಯಿತು. ಡಿಲೇನ್ ಅವರ ಚರ್ಚಿಗೆ 1955ರಲ್ಲಿ ಬೆಂಕಿ ಬಿತ್ತು, ಕೊನೆಗೆ ಅವರು ರಾಜ್ಯವನ್ನೇ ತೊರೆದು ಹೋಗಬೇಕಾಯಿತು. ಒಂದು ಬಿಳಿಯ ಮಗುವಿಗೆ ಅಲ್ಲಿ ವರ್ಷಕ್ಕೆ 179 ಡಾಲರ್ ವ್ಯಯವಾಗುತ್ತಿದ್ದರೆ ಕರಿಯ ಮಗುವಿಗೆ ವ್ಯಯವಾಗುತ್ತಿದ್ದುದು 43 ಡಾಲರ್.

ಈ ಪ್ರಕರಣವನ್ನು ಕೇಳಿದ ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಹಳೆಯ ತೀರ್ಪಿಗೇ ಅಂಟಿಕೊಂಡರು. ಮೂರನೆಯವರಾದ ವೇಟೀಸ್ ವಾರಿಂಗ್ 1951ರಲ್ಲಿ ಬರೆದ ಭಿನ್ನಮತದಲ್ಲಿ ಪ್ರತ್ಯೇಕತೆಯೇ ಅಸಮಾನತೆ ಎಂದು ನೇರವಾಗಿ ಹೇಳಿದರು. ವಾರಿಂಗ್ ಚಾರ್ಲ್ಸ್‌ಟನ್ನಿನ ಎಂಟು ತಲೆಮಾರಿನ ಪ್ರತಿಷ್ಠಿತ ಮನೆತನದವರು. ಅವರ ಸ್ವಂತ ಜನ ಅವರನ್ನು ಬಹಿಷ್ಕರಿಸಿದರು, ಮನೆಯ ಮೇಲೆ ಕಲ್ಲು ತೂರಿದರು. ನಿವೃತ್ತರಾಗಿ ಅವರು ನ್ಯೂಯಾರ್ಕ್‌ಗೆ ಹೊರಟುಹೋದರು. ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಿರಿ, ಅದು ನಿಮ್ಮ ವಿರುದ್ಧವೇ ಆಗಲಿ, ನಿಮ್ಮ ತಂದೆತಾಯಿಗಳ, ಬಂಧುಗಳ ವಿರುದ್ಧವೇ ಆಗಲಿ ಎಂದು ಸೂರಃ ಅನ್ನಿಸಾದ 135ನೆಯ ವಚನದಲ್ಲಿ ಕುರ್‌ಆನ್ ನಮಗೆ ಆದೇಶಿಸುತ್ತದೆ. ಆ ಆದೇಶದ ಬೆಲೆಯೆಷ್ಟೆಂಬುದನ್ನು ಅದನ್ನು ಎಂದೂ ಓದಿರದ ಒಬ್ಬ ಕ್ರೈಸ್ತ ನ್ಯಾಯಾಧೀಶರು ತೆತ್ತು ತೋರಿಸಿದರು.

ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಹೋರಾಟಕ್ಕೆ ಇಳಿದವರು ಮಕ್ಕಳೇ. ಫಾರ್ಮ್‌ವಿಲ್ ಊರಿನ ಕರಿಯರ ಹೈಸ್ಕೂಲು 180 ಮಕ್ಕಳಿಗೆಂದು ಕಟ್ಟಿದ್ದು, ಅಲ್ಲಿ 450ಕ್ಕೂ ಹೆಚ್ಚು ಮಕ್ಕಳಿದ್ದರು. ಹೆಚ್ಚಾದವರಿಗೆ ಡಾಂಬರು ಕಾಗದ ಹೊದಿಸಿದ ಗುಡಿಸಲುಗಳು. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಜಾನ್ಸ್ ವಿದ್ಯಾರ್ಥಿಗಳನ್ನು ಸಭಾಂಗಣದಲ್ಲಿ ಸೇರಿಸಿ ಮುಷ್ಕರಕ್ಕೆ ಕರೆ ನೀಡಿದಳು. ಈ ಎರಡು ಪ್ರಕರಣಗಳೊಂದಿಗೆ ಡೆಲಾವೇರ್, ರಾಜಧಾನಿ ವಾಷಿಂಗ್ಟನ್ ಮತ್ತು ಕಾನ್ಸಾಸ್ ರಾಜ್ಯದ ಟೊಪೀಕಾ ನಗರದ ಪ್ರಕರಣಗಳೂ ಸುಪ್ರೀಮ್ ಕೋರ್ಟಿನ ಮುಂದೆ ಬಂದವು. ಟೊಪೀಕಾದ ಒಲಿವರ್ ಬ್ರೌನ್ ಅವರ ಹೆಸರಿನಲ್ಲಿಯೇ ಚರಿತ್ರೆ ಈ ತೀರ್ಪನ್ನು ಕರೆಯುತ್ತದೆ. ಅವರ ಮಗಳು ಲಿಂಡಾಳಿಗೆ ಬಾಗಿಲು ಮುಚ್ಚಿದ್ದ ಮನೆಯ ಹತ್ತಿರದ ಬಿಳಿಯರ ಶಾಲೆಯ ಹೆಸರು ಸಮ್ನರ್ ಶಾಲೆ. ಹೌದು, ನೂರು ವರ್ಷಗಳ ಹಿಂದೆ ಬೋಸ್ಟನ್ನಿನಲ್ಲಿ ಸಾರಾಳ ಪರವಾಗಿ ವಾದಿಸಿ ಸೋತ ಅದೇ ಚಾರ್ಲ್ಸ್ ಸಮ್ನರ್! ಅವರ ಹೆಸರನ್ನು ಗೋಡೆಯ ಮೇಲೆ ಬರೆದವರು ಅವರ ಮಾತನ್ನು ಗೋಡೆಯ ಹೊರಗೇ ನಿಲ್ಲಿಸಿದ್ದರು. ಮಹಾತ್ಮರ ಹೆಸರಿಟ್ಟು ಅವರ ಮಾತನ್ನು ಮರೆಯುವ ರೋಗ ನಮ್ಮಲ್ಲಿಯೂ ಇಲ್ಲದಿಲ್ಲ.

1952ರ ಡಿಸೆಂಬರ್‌ನಲ್ಲಿ ಮೊದಲ ವಾದ ನಡೆಯಿತು. ನ್ಯಾಯಾಧೀಶರಲ್ಲಿ ಒಮ್ಮತವಿರಲಿಲ್ಲ. ಮರುವಿಚಾರಣೆಗೆ ಮುನ್ನ 1953ರ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಾಧೀಶ ವಿನ್ಸನ್ ತೀರಿಕೊಂಡು ಅವರ ಸ್ಥಾನಕ್ಕೆ ಅರ್ಲ್ ವಾರನ್ ಬಂದರು. ಯುದ್ಧಕಾಲದಲ್ಲಿ ಜಪಾನೀ ಮೂಲದವರನ್ನು ಶಿಬಿರಗಳಿಗೆ ಅಟ್ಟುವುದನ್ನು ಬೆಂಬಲಿಸಿದ್ದವರು ಇವರೇ. ಈಗ ಒಂಬತ್ತು ಮಂದಿಯನ್ನೂ ಒಂದೇ ತೀರ್ಪಿಗೆ ತಂದವರೂ ಇವರೇ. 1954ರ ಮೇ 17ರಂದು ಬಂದ ತೀರ್ಪು ಸಾರ್ವಜನಿಕ ಶಿಕ್ಷಣದಲ್ಲಿ ‘ಪ್ರತ್ಯೇಕ ಆದರೆ ಸಮಾನ’ ಎಂಬ ತತ್ವಕ್ಕೆ ಸ್ಥಾನವಿಲ್ಲವೆಂದಿತು. ಬಣ್ಣದ ಕಾರಣಕ್ಕಾಗಿ ಮಕ್ಕಳನ್ನು ಬೇರ್ಪಡಿಸಿದರೆ ಅವರ ಹೃದಯದಲ್ಲಿ ಮೂಡುವ ಕೀಳರಿಮೆ ಬಹುಶಃ ಎಂದೂ ಅಳಿಯದೆಂದು ಅದು ಹೇಳಿತು. ಮನಶ್ಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಗೊಂಬೆಗಳನ್ನಿಟ್ಟು ನಡೆಸಿದ ಅಧ್ಯಯನದಲ್ಲಿ ಕರಿಯ ಮಕ್ಕಳಲ್ಲಿ ಹೆಚ್ಚಿನವರು ಬಿಳಿಯ ಗೊಂಬೆಯನ್ನೇ ಒಳ್ಳೆಯದೆಂದು ತೋರಿಸಿದ್ದರು. ಇದನ್ನು ಓದುವಾಗಲೆಲ್ಲ ಬಿಲಾಲ್(ರ)ರನ್ನು ಮಕ್ಕಾ ವಿಜಯದ ದಿನ ಕಅಬಾದ ಮೇಲೇರಿ ಅದಾನ್ ಕೊಡಲು ಪ್ರವಾದಿವರ್ಯರು(ಸ) ಏಕೆ ಆರಿಸಿದರೆಂಬುದು ನಮಗೆ ಹೊಸದಾಗಿ ಅರ್ಥವಾಗುತ್ತದೆ. ಅಂದು ಅದನ್ನು ಕಂಡ ಮಕ್ಕಾದ ಕರಿಯ ಮಗುವೊಂದು ಯಾವ ಗೊಂಬೆಯನ್ನು ಆರಿಸುತ್ತಿತ್ತು?

ತೀರ್ಪು ಬಂತು, ಶಾಲೆಗಳು ತೆರೆಯಲಿಲ್ಲ. ಮರುವರ್ಷದ ಎರಡನೆಯ ತೀರ್ಪಿನಲ್ಲಿ ಕೋರ್ಟ್ ಗಡುವು ವಿಧಿಸದೆ, ವಿವೇಚನೆಯ ವೇಗದಲ್ಲಿ ಜಾರಿಗೊಳಿಸಿರಿ ಎಂದಿತು. ದಕ್ಷಿಣದವರು ‘ವಿವೇಚನೆ’ಯನ್ನು ಇಟ್ಟುಕೊಂಡು ‘ವೇಗ’ವನ್ನು ಕೈಬಿಟ್ಟರು. 1956ರಲ್ಲಿ ಸಂಸತ್ತಿನ 101 ಸದಸ್ಯರು ತೀರ್ಪನ್ನು ಪ್ರತಿಭಟಿಸುವ ಹೇಳಿಕೆಗೆ ಸಹಿ ಹಾಕಿದರು. 1957ರಲ್ಲಿ ಲಿಟ್ಲ್ ರಾಕ್ ನಗರದಲ್ಲಿ ಒಂಬತ್ತು ಕರಿಯ ವಿದ್ಯಾರ್ಥಿಗಳನ್ನು ಶಾಲೆಯೊಳಗೆ ಕರೆದೊಯ್ಯಲು ಅಧ್ಯಕ್ಷ ಐಸೆನ್‌ಹೋವರ್ ಸೇನೆಯನ್ನೇ ಕಳುಹಿಸಬೇಕಾಯಿತು. ಪ್ರಿನ್ಸ್ ಎಡ್ವರ್ಡ್ ಕೌಂಟಿಯಂತೂ ಎಲ್ಲರನ್ನೂ ಮೀರಿಸಿತು. ಒಟ್ಟಿಗೆ ಕಲಿಯಬೇಕೆಂದಾದರೆ ಶಾಲೆಯೇ ಬೇಡವೆಂದು 1959ರಲ್ಲಿ ತನ್ನ ಎಲ್ಲಾ ಸಾರ್ವಜನಿಕ ಶಾಲೆಗಳನ್ನು ಮುಚ್ಚಿತು. ಬಿಳಿಯ ಮಕ್ಕಳಿಗೆ ಖಾಸಗಿ ಶಾಲೆ ಎದ್ದಿತು, ಅದಕ್ಕೆ ಸರಕಾರಿ ಹಣದ ನೆರವೂ ಒದಗಿತು. ಸುಮಾರು 1,700 ಕರಿಯ ಮಕ್ಕಳು ಬೀದಿಯಲ್ಲುಳಿದರು. ಕೆಲವರನ್ನು ದೂರದ ಊರುಗಳ ಬಂಧುಗಳ ಮನೆಗೆ ಕಳುಹಿಸಲಾಯಿತು, ಕೆಲವರು ಚರ್ಚಿನ ನೆಲಮಾಳಿಗೆಗಳಲ್ಲಿ ಅಷ್ಟಿಷ್ಟು ಕಲಿತರು, ಹಲವರು ಹೊಲದ ಕೆಲಸಕ್ಕೆ ಇಳಿದು ಮತ್ತೆ ಪುಸ್ತಕ ಮುಟ್ಟಲಿಲ್ಲ. 1964ರಲ್ಲಿ ಸುಪ್ರೀಮ್ ಕೋರ್ಟ್ ಆದೇಶಿಸಿದ ಮೇಲೆಯೇ ಶಾಲೆಗಳು ತೆರೆದವು. ಐದು ವರ್ಷ! ಏಳನೆಯ ವಯಸ್ಸಿನಲ್ಲಿದ್ದ ಮಗುವಿಗೆ ಆಗ ಹನ್ನೆರಡು.

ಇದೇ ವರ್ಷಗಳಲ್ಲಿ ಇಸ್ಲಾಮಿನ ಹೆಸರು ಹೇಳಿಕೊಂಡು ಬೇರೊಂದು ದಾರಿ ಹಿಡಿದವರೂ ಇದ್ದರು. ಡೆಟ್ರಾಯಿಟ್‌ನಲ್ಲಿ 1930ರಲ್ಲಿ ಹುಟ್ಟಿದ ‘ನೇಷನ್ ಆಫ್ ಇಸ್ಲಾಮ್’ ಚಳವಳಿಯವರು ಬಿಳಿಯರ ಶಾಲೆಯ ಬಾಗಿಲು ತಟ್ಟುವ ಬದಲು ಸ್ವಂತ ಶಾಲೆಯನ್ನು ಕಟ್ಟಿಕೊಂಡರು. ಎಲಿಜಾ ಮುಹಮ್ಮದ್‌ರ ಪತ್ನಿ ಕ್ಲಾರಾ ಮುಹಮ್ಮದ್ ತಮ್ಮ ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿದರು. 1934ರಲ್ಲಿ ಅಧಿಕಾರಿಗಳು ಈ ಶಾಲೆಯ ವಿರುದ್ಧ ಕ್ರಮ ಕೈಗೊಂಡು, ಮಕ್ಕಳನ್ನು ದಾರಿತಪ್ಪಿಸಿದ ಆರೋಪ ಹೊರಿಸಿ ಎಲಿಜಾರನ್ನು ಬಂಧಿಸಿದರು. ಈ ಚಳವಳಿಯ ವಿಶ್ವಾಸ ಇಸ್ಲಾಮ್ ಆಗಿರಲಿಲ್ಲವೆಂಬುದನ್ನು ನಾವು ಅನುಮಾನಕ್ಕೆಡೆಯಿಲ್ಲದೆ ಹೇಳಬೇಕು. ಬಿಳಿಯರನ್ನು ಹುಟ್ಟಿನಿಂದಲೇ ಸೈತಾನರೆಂದು ಕರೆಯುವುದು ಕುರೈಶರ ಅಹಂಕಾರವನ್ನೇ ತಿರುಗಿಸಿ ಹಾಕಿದ ಅಂಗಿ. ಹಾಗಿದ್ದರೂ ತನ್ನ ಮಗುವಿಗೆ ಅವಮಾನ ಕಲಿಸುವ ಶಾಲೆಗೆ ಅದನ್ನು ಕಳುಹಿಸಲಾರೆ ಎಂದ ಆ ತಾಯಿಯ ನಿರ್ಧಾರವನ್ನು ಹಗುರವಾಗಿ ಕಾಣಲಾಗದು. ಮಿಷಿಗನ್‌ನ ಶಾಲೆಯೊಂದರಲ್ಲಿ ತರಗತಿಗೇ ಮುಂದಿದ್ದ ಹುಡುಗನೊಬ್ಬ ವಕೀಲನಾಗುತ್ತೇನೆಂದಾಗ, ನಿನ್ನ ಜನರಿಗೆ ಅದು ಹೊಂದದು, ಬಡಗಿಯಾಗು ಎಂದು ಶಿಕ್ಷಕರು ಬುದ್ಧಿ ಹೇಳಿದ್ದರು. ಅಲ್ಲಿ ಪ್ರತ್ಯೇಕ ಶಾಲೆಯೂ ಇರಲಿಲ್ಲ, ಪ್ರತ್ಯೇಕ ಬೆಂಚೂ ಇರಲಿಲ್ಲ. ಆ ಹುಡುಗನೇ ಮುಂದೆ ಮಾಲ್ಕಮ್ ಎಕ್ಸ್ ಆದುದು. 1964ರಲ್ಲಿ ಹಜ್ಜ್ ನಿರ್ವಹಿಸಿದ ಅವರು, ನೀಲಿ ಕಣ್ಣಿನ ಬಿಳಿಯ ಮುಸ್ಲಿಮರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡ ಅನುಭವವನ್ನು ಮಕ್ಕಾದಿಂದ ಪತ್ರ ಬರೆದು ತಿಳಿಸಿದರು. ತಮ್ಮ ಹಳೆಯ ವಿಚಾರಗಳನ್ನು ಬದಲಿಸಿಕೊಂಡರು. 1975ರ ಬಳಿಕ ಎಲಿಜಾರ ಮಗ ವಾರಿಸುದ್ದೀನ್ ಮುಹಮ್ಮದ್ ಅನುಯಾಯಿಗಳಲ್ಲಿ ಬಹುಪಾಲು ಮಂದಿಯನ್ನು ಸುನ್ನೀ ಇಸ್ಲಾಮಿನತ್ತ ಕರೆತಂದರು. ತಾಯಿಯ ಶಾಲೆಗಳಿಗೆ ಸಿಸ್ಟರ್ ಕ್ಲಾರಾ ಮುಹಮ್ಮದ್ ಶಾಲೆಗಳೆಂದು ಹೆಸರಾಯಿತು.

ಮುಸ್ಲಿಮರ ಚರಿತ್ರೆ ನಿಷ್ಕಳಂಕವೆಂದು ಇದರ ಅರ್ಥವಲ್ಲ. ಗುಲಾಮರ ವ್ಯಾಪಾರದಲ್ಲಿ ಮುಸ್ಲಿಮ್ ವರ್ತಕರೂ ಇದ್ದರು. ವಂಶದ ಹಿರಿಮೆ ಕೊಚ್ಚಿಕೊಳ್ಳುವವರು ಇಂದಿಗೂ ನಮ್ಮ ಮದುವೆ ಮಾತುಕತೆಗಳಲ್ಲಿ ಕಾಣಸಿಗುತ್ತಾರೆ. ಆದರೆ ವಿದ್ಯೆಯ ಪೀಠದ ಮಟ್ಟಿಗೆ ನಮ್ಮ ಮುಂದೆ ಅತಾ ಬಿನ್ ಅಬೀ ರಬಾಹ್(ರಹ್) ಇದ್ದಾರೆ. ಕಪ್ಪು ವರ್ಣದ ಈ ತಾಬಿಈ ವಿದ್ವಾಂಸರು ಮಸ್ಜಿದುಲ್ ಹರಾಮ್‌ನಲ್ಲಿ ಫತ್ವಾ ನೀಡುತ್ತಿದ್ದರು. ಉಮಯ್ಯಾ ಖಲೀಫ ಸುಲೈಮಾನ್ ಬಿನ್ ಅಬ್ದುಲ್ ಮಲಿಕ್ ತಮ್ಮ ಮಕ್ಕಳೊಂದಿಗೆ ಬಂದು, ಅವರ ನಮಾಝ್ ಮುಗಿಯುವವರೆಗೆ ಕಾದು ಕುಳಿತು ಹಜ್ಜ್‌ನ ವಿಧಿಗಳನ್ನು ಕೇಳಿ ತಿಳಿದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಅಲ್ಲಿ ಖಲೀಫರಿಗೂ ಬೇರೆ ಪೀಠವಿರಲಿಲ್ಲ.

ಅಮೆರಿಕದಲ್ಲಿ ನಿಜವಾದ ಬದಲಾವಣೆ ಬಂದದ್ದು 1964ರ ನಾಗರಿಕ ಹಕ್ಕುಗಳ ಕಾಯಿದೆಯ ನಂತರ. ಭೇದ ಮಾಡುವ ಶಾಲೆಗಳಿಗೆ ಕೇಂದ್ರದ ಹಣವಿಲ್ಲ ಎಂದಾಗ ಆತ್ಮಸಾಕ್ಷಿಗೆ ಆಗದ್ದು ಬೊಕ್ಕಸಕ್ಕೆ ಆಯಿತು. ವರ್ಜೀನಿಯಾದ ನ್ಯೂ ಕೆಂಟ್ ಕೌಂಟಿ ‘ಇಷ್ಟ ಬಂದ ಶಾಲೆ ಆರಿಸಿಕೊಳ್ಳಿ’ ಎಂಬ ಜಾಣ ಉಪಾಯ ಹೂಡಿತ್ತು. ಮೂರು ವರ್ಷಗಳಲ್ಲಿ ಒಂದೇ ಒಂದು ಬಿಳಿಯ ಮಗುವೂ ಕರಿಯರ ಶಾಲೆಯನ್ನು ಆರಿಸಲಿಲ್ಲ. 1968ರಲ್ಲಿ ಕೋರ್ಟ್ ಅದನ್ನು ತಿರಸ್ಕರಿಸಿತು. 1971ರಲ್ಲಿ ಶಾರ್ಲಟ್ ನಗರದ ಪ್ರಕರಣದಲ್ಲಿ ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಯ ಶಾಲೆಗೆ ಕರೆದೊಯ್ಯುವುದನ್ನು ಒಪ್ಪಿತು. ದಕ್ಷಿಣದ ಶಾಲೆಗಳು ಆ ದಶಕದಲ್ಲಿ ಬಹಳ ಮಟ್ಟಿಗೆ ಬೆರೆತವು. ಈ ಗೆಲುವಿಗೂ ಒಂದು ಬೆಲೆಯಿತ್ತು. ಶಾಲೆಗಳು ಒಂದಾದಾಗ ಮುಚ್ಚಿಹೋದದ್ದು ಹೆಚ್ಚಾಗಿ ಕರಿಯರ ಶಾಲೆಗಳು. ಸಾವಿರಾರು ಕರಿಯ ಶಿಕ್ಷಕರು, ಮುಖ್ಯೋಪಾಧ್ಯಾಯರು ಕೆಲಸ ಕಳೆದುಕೊಂಡರು. ಮಕ್ಕಳು ಹೊಸ ಬೆಂಚಿಗೆ ಬಂದರು, ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದ ಗುರುಗಳು ಹೊರಗುಳಿದರು.

ಮುಂದಿನ ಗೋಡೆ ಕಾನೂನಿನ ಪುಸ್ತಕದಲ್ಲಿರಲಿಲ್ಲ, ನಗರದ ನಕ್ಷೆಯಲ್ಲಿತ್ತು. ಡೆಟ್ರಾಯಿಟ್‌ನಿಂದ ಬಿಳಿಯರು ಉಪನಗರಗಳಿಗೆ ಸರಿದುಹೋಗಿದ್ದರು. ನಗರವನ್ನೂ 53 ಉಪನಗರ ಶಾಲಾ ವಲಯಗಳನ್ನೂ ಸೇರಿಸಿ ಮಕ್ಕಳನ್ನು ಬೆರೆಸಬೇಕೆಂದು ಕೆಳ ನ್ಯಾಯಾಲಯ ಯೋಜನೆ ಹಾಕಿತು. 1974ರಲ್ಲಿ ಸುಪ್ರೀಮ್ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ತಳ್ಳಿಹಾಕಿತು. ಉಪನಗರಗಳು ತಪ್ಪು ಮಾಡಿದವೆಂದು ಸಾಬೀತಾಗದೆ ಗಡಿ ದಾಟುವಂತಿಲ್ಲ ಎಂದಿತು. ಅಷ್ಟರಲ್ಲಿ ಅದೇ ಕೋರ್ಟಿನ ನ್ಯಾಯಮೂರ್ತಿಯಾಗಿದ್ದ ತರ್ಗುಡ್ ಮಾರ್ಷಲ್ ಭಿನ್ನಮತ ಬರೆದರು. ಇಪ್ಪತ್ತು ವರ್ಷಗಳ ಹಿಂದೆ ವಕೀಲರಾಗಿ ಗೆದ್ದುದನ್ನು ನ್ಯಾಯಾಧೀಶರಾಗಿ ಸೋಲುವುದನ್ನು ಅವರು ಕಣ್ಣಾರೆ ಕಂಡರು. ಅದರ ಹಿಂದಿನ ವರ್ಷವೇ, ಶ್ರೀಮಂತ ಮತ್ತು ಬಡ ವಲಯಗಳ ಶಾಲೆಗಳ ನಡುವೆ ಹಣದ ಅಂತರವಿರುವುದು ಸಂವಿಧಾನ ವಿರೋಧವಲ್ಲವೆಂದೂ ತೀರ್ಪಾಗಿತ್ತು. 2007ರಲ್ಲಿ, ಶಾಲೆಗಳನ್ನು ಬೆರೆಸುವ ಸಲುವಾಗಿ ಮಗುವಿನ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದ ಸಿಯಾಟಲ್ ಮತ್ತು ಲೂಯಿವಿಲ್ ನಗರಗಳ ಯೋಜನೆಗಳನ್ನು ಕೋರ್ಟ್ ರದ್ದುಗೊಳಿಸಿತು. ಎರಡೂ ಪಕ್ಷದವರು ತಮ್ಮ ಆಧಾರವಾಗಿ ಎತ್ತಿಹಿಡಿದದ್ದು 1954ರ ಅದೇ ತೀರ್ಪನ್ನು.

ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಮಾತು ಇನ್ನೂ ಸ್ವಲ್ಪ ಉಳಿದಿದೆ. ಬಾರ್ಬರಾ ಜಾನ್ಸ್ ಮುಷ್ಕರ ಹೂಡಿದ ಶಾಲೆ ಇಂದು ವಸ್ತುಸಂಗ್ರಹಾಲಯವಾಗಿದೆ. ಶಾಲೆ ಮುಚ್ಚಿದ್ದ ಆ ಐದು ವರ್ಷಗಳಲ್ಲಿ ಓದು ಕಳೆದುಕೊಂಡವರಿಗೆ 2003ರಲ್ಲಿ ಗೌರವ ಪ್ರಮಾಣಪತ್ರಗಳನ್ನು ನೀಡಲಾಯಿತು. ಮರುವರ್ಷ ವರ್ಜೀನಿಯಾ ಶಾಸನಸಭೆ ಅವರಿಗಾಗಿ ಒಂದು ವಿದ್ಯಾರ್ಥಿವೇತನವನ್ನು ಸ್ಥಾಪಿಸಿತು. ಶಾಲೆ ಮುಚ್ಚಿದಾಗ ಒಂದನೆಯ ತರಗತಿಯ ಹೊಸ್ತಿಲಲ್ಲಿದ್ದವರಿಗೆ ಆಗ ಐವತ್ತು ದಾಟಿತ್ತು. ಅವರಲ್ಲಿ ಕೆಲವರು ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ವಯಸ್ಸಿನಲ್ಲಿ ಅರ್ಜಿ ತುಂಬಿ, ಪುಸ್ತಕ ಹಿಡಿದು, ತಮ್ಮ ತರಗತಿಗೆ ಹೋಗಿ ಕುಳಿತರು.